ಸ್ಟೇರಿಂಗ್ ಕಾಣದ ಜಾಗವಿಲ್ಲ

ಎಲ್ಲ ರಗಳೆಗೂ ಮೂಲ ಕ್ಷೌರದಂಗಡಿಯಲ್ಲಿ ಆಡಿದ ಒಂದು ಮಾತು. ಗದ್ದಕ್ಕೆಲ್ಲ ಸೋಪಿನ ನೊರೆ ಬಳಿಸಿಕೊಂಡು ಕೂತ ಮನುಷ್ಯ ಬಾಯಿ ಮುಚ್ಚಿಕೊಂಡಿರಬೇಕು. ನಮ್ಮ ಸ್ಟೇರಿಂಗ್‌ಗೆ ಅದಾಗಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದವರು ಯಾವುದೋ ಕೋಟೆಯ ಸುದ್ದಿ ತೆಗೆದದ್ದೇ ತಡ, "ಈ ರಾಜ್ಯದಲ್ಲಿ ನಾನು ನೋಡದ ಕೋಟೆ ಇಲ್ಲ, ಮ್ಯೂಸಿಯಂ ಇಲ್ಲ, ಉದ್ಯಾನ ಇಲ್ಲ" ಎಂದುಬಿಟ್ಟ. ಪಕ್ಕದ ಕುರ್ಚಿಯಲ್ಲಿದ್ದವರು ಎದುರುಮನೆಯ ನಿವೃತ್ತ ಮಾಸ್ತರು. ಅವರ ಕಿವಿಗೆ ಬಿದ್ದದ್ದು ಬೀದಿಗೆ ಬಿದ್ದ ಹಾಗೇ.

ಸ್ಟೇರಿಂಗ್ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ. ಪ್ರವಾಸದ ಬಸ್ಸು ಓಡಿಸುತ್ತಲೇ ತಲೆ ಬೆಳ್ಳಗಾದವನಿಗೆ ಬೀದಿಯವರು ಕಟ್ಟಿದ ಪಟ್ಟ ಅದು. ನಿವೃತ್ತನಾದ ಮೇಲೂ ಊಟಕ್ಕೆ ಕೂತರೆ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಒಂದು ಸುತ್ತು ತಿರುಗಿಸದೆ ತುತ್ತು ಎತ್ತುತ್ತಿರಲಿಲ್ಲ.

ಅವನು ಆಡಿದ್ದು ಪೂರ್ತಿ ಸುಳ್ಳೂ ಅಲ್ಲ. ಯಾವ ಅರಮನೆಯ ಮುಂದೆ ಬಸ್ಸು ಎಲ್ಲಿ ನಿಲ್ಲಿಸಿದರೆ ಮಧ್ಯಾಹ್ನ ನೆರಳು ಸಿಗುತ್ತದೆ, ಯಾವ ಕೋಟೆಯ ಬಳಿಯ ಮರದಲ್ಲಿ ಕೂತ ಕಾಗೆಗಳು ಮುಂದಿನ ಗಾಜಿನ ಮೇಲೇ ಕೃಪೆ ಮಾಡುತ್ತವೆ, ಯಾವ ಉದ್ಯಾನದ ಹೊರಗಿನ ನಲ್ಲಿಯಲ್ಲಿ ನಿಜವಾಗಿಯೂ ನೀರು ಬರುತ್ತದೆ, ಇವೆಲ್ಲ ಅವನಿಗೆ ಅಂಗೈ ಮೇಲಿನ ನೆಲ್ಲಿಕಾಯಿ. ಗೊತ್ತಿರದೆ ಇದ್ದದ್ದು ಗೇಟಿನ ಆಚೆಯದು ಮಾತ್ರ. ಪ್ರಯಾಣಿಕರ ಸಾಮಾನೆಲ್ಲ ಬಸ್ಸಿನಲ್ಲಿರುತ್ತಿತ್ತು. ಡ್ರೈವರ್ ಬಸ್ಸು ಬಿಟ್ಟು ಕದಲಕೂಡದು ಎಂದು ಕಂಪನಿಯ ಕಟ್ಟಪ್ಪಣೆ. ಮೊದಮೊದಲು ಒಳಗೆ ಹೋಗುವವರನ್ನು ಆಸೆಯಿಂದ ನೋಡುತ್ತಿದ್ದ. ಆಮೇಲೆ ಸೀಟು ಹಿಂದಕ್ಕೆ ಒರಗಿಸಿ ನಿದ್ದೆ ಮಾಡುವುದು ರೂಢಿಯಾಯಿತು. ರೂಢಿ ಅಂಟಿಕೊಂಡರೆ ಆಸೆ ತಾನಾಗಿ ಒಣಗುತ್ತದೆ.

ಆದರೆ ಆಗ ಮನೆಯಲ್ಲಿ ಹೊಸ ಹೆಂಡತಿ. ಗಂಡ ಊರೂರು ಸುತ್ತಿ ಬಂದಿದ್ದಾನೆ ಎಂಬ ಹೆಮ್ಮೆಯಿಂದ ಎದುರು ಕೂತವಳ ಮುಂದೆ, ನಾನು ಗೇಟು ದಾಟಿಲ್ಲ ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ. ವಾಪಸು ಬರುವಾಗ ಹಿಂದಿನ ಸೀಟಿನವರು ಆಡಿಕೊಂಡ ಮಾತನ್ನೇ ತನ್ನದೆಂಬಂತೆ ಹೇಳಿದ. ಅವಳು ಕಣ್ಣರಳಿಸಿ ಕೇಳಿದಳು. ಅಲ್ಲಿಗೆ ಮುಗಿಯಿತು. ಅಂದಿನಿಂದ ಪ್ರತಿ ಟ್ರಿಪ್ಪಿಗೂ ಒಂದು ಕತೆ, ಕತೆಗೊಂದು ಬಾಲ.

ಇದರಿಂದ ಆದ ನಷ್ಟ ಒಂದೇ, ಆದರೆ ದೊಡ್ಡದು. "ನನ್ನನ್ನೂ ಒಂದ್ಸಲ ಕರ್ಕೊಂಡು ಹೋಗಿ" ಎಂದು ಅವಳು ಕೇಳಿದಾಗಲೆಲ್ಲ ಅವನು ಒಂದೊಂದು ನೆಪ ಹೇಳಿದ. ಸೀಟಿಲ್ಲ, ಬಿಸಿಲು, ಜನ ಜಾಸ್ತಿ, ಮುಂದಿನ ವರ್ಷ. ಕರೆದುಕೊಂಡು ಹೋದರೆ ಬಣ್ಣ ಬಯಲಾಗುತ್ತದಲ್ಲ! ಕೊನೆಗೆ ಅವಳು ಕೇಳುವುದನ್ನೇ ಬಿಟ್ಟಳು. ಕೇಳುತ್ತಿದ್ದಷ್ಟು ದಿನ ಕಿರಿಕಿರಿಯಾಗುತ್ತಿತ್ತು. ಬಿಟ್ಟ ಮೇಲೆ ಅವನಿಗೆ ನಿಜವಾಗಿ ನೋವಾಯಿತು. ಊರವರನ್ನೆಲ್ಲ ಊರೂರಿಗೆ ಮುಟ್ಟಿಸಿದವನು ಕಟ್ಟಿಕೊಂಡವಳನ್ನು ಒಂದು ಗೇಟಿನವರೆಗೂ ಒಯ್ಯಲಿಲ್ಲ ಎಂಬುದು ರಾತ್ರಿ ಮಲಗಿದಾಗ ಎದೆಗೆ ಒತ್ತುತ್ತಿತ್ತು.

ಭಾನುವಾರ ಬೆಳಿಗ್ಗೆ ಮಾಸ್ತರು ಬಾಗಿಲು ಬಡಿದರು. ಹಿಂದೆ ಮೇಲ್ಮನೆಯ ಅಕ್ಕ, ಕೈಯಲ್ಲಿ ಚೀಲಗಳು. ಅವರ ಹಿಂದೆ ಮೂಲೆ ಅಂಗಡಿಯ ಟೈಲರ್, ಅವನ ಹಿಂದೆ ಅವನ ಬಿಳಿ ವ್ಯಾನು.

"ಏನ್ ಸ್ಟೇರಿಂಗ್, ನೋಡದ ಜಾಗ ಇಲ್ಲ ಅಂದ್ರಲ್ಲ? ನಡೀರಿ, ನಮಗೂ ತೋರಿಸಿ. ಉದ್ಯಾನ, ಮ್ಯೂಸಿಯಂ, ಕೋಟೆ. ಒಂದೇ ದಿನದಲ್ಲಿ ಮೂರೂ!"

"ವ್ಯಾನ್ ನಂದು, ಕೈ ನಿಮ್ಮದು," ಎಂದ ಟೈಲರ್. "ನಾನು ಓಡಿಸಿದ್ರೆ ನನಗೆ ನೋಡೋಕಾಗಲ್ಲ."

ಸ್ಟೇರಿಂಗ್ ಸೊಂಟನೋವು ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಬಂದಳು. ಬೀರುವಿನಲ್ಲಿ ಮಡಿಸಿಟ್ಟಿದ್ದ ಶಾಲನ್ನು ಹೊದ್ದು, ಚಪ್ಪಲಿ ಮೆಟ್ಟಿ, ಸಿದ್ಧವಾಗಿಯೇ ನಿಂತಿದ್ದಳು. ಏನೂ ಕೇಳಲಿಲ್ಲ, ಅವನ ಮುಖ ನೋಡಿದಳು ಅಷ್ಟೆ. ಅವನ ಸೊಂಟನೋವು ಅಲ್ಲೇ ವಾಸಿಯಾಯಿತು. ಇವತ್ತು ಏನಾದರಾಗಲಿ, ಇವಳ ಜೊತೆ ಒಂದು ಗೇಟನ್ನಾದರೂ ದಾಟಬೇಕು, ಆದರೆ ಮೊದಲ ಸಲ ದಾಟುತ್ತಿದ್ದೇನೆ ಅಂತ ಇವಳಿಗೆ ತಿಳಿಯಬಾರದು ಎಂದು ಮನಸ್ಸಿನಲ್ಲೇ ನಿಶ್ಚಯಿಸಿ ಕೀಲಿ ತೆಗೆದುಕೊಂಡ.

ಮುಂದಿನ ಸೀಟಿನಲ್ಲಿ ಹೆಂಡತಿಯನ್ನು ಕೂರಿಸಿಕೊಳ್ಳುವ ಆಸೆ ಅವನಿಗಿತ್ತು. ಅದು ಮೇಲ್ಮನೆ ಅಕ್ಕನ ಪಾಲಾಯಿತು. ಹಿಂದೆ ಕೂತರೆ ಅವರಿಗೆ ಹೊಟ್ಟೆ ತೊಳಸುತ್ತದಂತೆ. ಹೆಂಡತಿ ಗಾಳಿಗೆ ಕಿವಿ ನೋಯುತ್ತದೆಂದು ಶಾಲನ್ನು ತಲೆಗೆ ಸುತ್ತಿಕೊಂಡು ಕಟ್ಟಕಡೆಯ ಸೀಟಿಗೆ ಹೋಗಿ ಕೂತಳು. ಕನ್ನಡಿಯಲ್ಲಿ ಅವಳ ತಲೆ ಮಾತ್ರ ಕಾಣುತ್ತಿತ್ತು.

ಉದ್ಯಾನಕ್ಕೆ ಬಂದರು. ಸ್ಟೇರಿಂಗ್ ಮಾವನ ಮನೆಗೆ ಬಂದ ಅಳಿಯನ ಗತ್ತಿನಲ್ಲಿ ಗೇಟು ದಾಟಿದ. ಎರಡೂ ಕಡೆ ಹೂವಿನ ಸಾಲು ನೋಡಿ ಅವನ ಬಾಯಿ ತಾನಾಗಿ ತೆರೆದುಕೊಂಡಿತು. ತಕ್ಷಣ ಮುಚ್ಚಿಕೊಂಡ. ನೂರು ಸಲ ನೋಡಿದವನು ಬಾಯಿ ಬಿಡಬಾರದು.

"ಆ ಕಂಬಗಳ ಕಟ್ಟಡ ಏನು?" ಮಾಸ್ತರ ಪರೀಕ್ಷೆ ಶುರುವಾಯಿತು.

"ಅದಾ? ರಾಣಿಯರು ಸ್ನಾನ ಮಾಡ್ತಿದ್ದ ಜಾಗ. ಹಾಲಿನಂಥ ಕಲ್ಲು ಒಳಗೆ."

ಮಾಸ್ತರು ಹತ್ತಿರ ಹೋಗಿ ಕನ್ನಡಕ ಏರಿಸಿ ಬೋರ್ಡು ಓದಿದರು. "ಪಂಪ್ ಮನೆ. ಅಪಾಯ. ಒಳಗೆ ಪ್ರವೇಶವಿಲ್ಲ."

ಟೈಲರ್ ಕಿಸಕ್ಕನೆ ನಕ್ಕ. ಸ್ಟೇರಿಂಗ್ ಮುಖ ಇಂಗು ತಿಂದ ಮಂಗನಂತಾಯಿತು.

"ಮುಂಚೆ ಇತ್ತೇನೋ," ಎಂದಳು ಹೆಂಡತಿ ಮೆಲ್ಲಗೆ. "ಆಮೇಲೆ ಪಂಪ್ ಹಾಕಿರ್ತಾರೆ. ರೀ, ಇಲ್ನೋಡಿ, ಈ ಹೂವಿನ ಬಣ್ಣ..."

ಅವನು ಅವಳ ಪಕ್ಕಕ್ಕೆ ಬಂದು ಬಗ್ಗಿದ. ಹೂವಿಗೂ ಅವನ ಕಣ್ಣಿಗೂ ನಡುವೆ ಇನ್ನೇನು ಒಂದು ಗೇಣು ಉಳಿದಿತ್ತು. ಆಗ ಗೇಟಿನ ಕಡೆಯಿಂದ ಸೀಟಿ ಕೇಳಿತು. "ಬಿಳೀ ವ್ಯಾನ್ ಯಾರ್ದು? ಡ್ರೈವರ್ ಎಲ್ಲಿ? ಬಸ್ ಬರೋಕೆ ಜಾಗ ಇಲ್ಲ!"

ಅಷ್ಟು ವರ್ಷದ ರೂಢಿ. ಡ್ರೈವರ್ ಎಂದ ಕೂಡಲೇ ಅವನ ಕಾಲು ತಾನೇ ಓಡಿತು. ವ್ಯಾನು ಹಿಂದೆ ಮುಂದೆ ಮಾಡಿ, ಪಾರ್ಕಿಂಗ್‌ನವನ ಬೈಗುಳ ತಿಂದು, ಬೇರೆ ಜಾಗ ಹುಡುಕಿ ನಿಲ್ಲಿಸುವಷ್ಟರಲ್ಲಿ ನಾಲ್ವರೂ ಉದ್ಯಾನ ಮುಗಿಸಿ ಬಂದುಬಿಟ್ಟಿದ್ದರು. ಆ ಹೂವಿನ ಹೆಸರೇನೆಂದು ಹೆಂಡತಿಯನ್ನು ಕೇಳಬೇಕೆನ್ನಿಸಿತು. ಕೇಳಿದರೆ ಗುಟ್ಟು ರಟ್ಟಾಗುತ್ತದೆಂದು ಸುಮ್ಮನಾದ.

ಮುಂದಿನದು ಮ್ಯೂಸಿಯಂ. ಹಿಂದೆ ಅರಮನೆಯಾಗಿದ್ದ ದೊಡ್ಡ ಕಟ್ಟಡ. ಇಲ್ಲಿಗೆ ಅವನು ಎಷ್ಟು ಸಲ ಬಸ್ಸು ತಂದಿದ್ದನೋ ಲೆಕ್ಕವಿಲ್ಲ. ಮುಂಭಾಗದ ಮರದ ಕೆಳಗೆ ವ್ಯಾನಿನ ಮೂತಿ ರಸ್ತೆಯ ಕಡೆ ಬರುವಂತೆ ಒಂದೇ ಏಟಿಗೆ ನಿಲ್ಲಿಸಿದ. ಒಳಗಿನ ಮಾತು ಬೇರೆ. ಒಂದೊಂದು ಕೋಣೆಯಲ್ಲೂ ಬೋರ್ಡು, ಬೋರ್ಡಿನ ಮುಂದೆ ಮಾಸ್ತರು, ಪಂಪ್ ಮನೆಯ ಗತಿ ಪ್ರತಿ ಹೆಜ್ಜೆಗೂ! ಅವನು ಸೀಟು ಹಿಂದಕ್ಕೆ ಒರಗಿಸಿದ.

"ನೀವು ಹೋಗಿ ಬನ್ನಿ. ನಾನು ನೂರು ಸಲ ನೋಡಿದ್ದೀನಿ."

"ಹಾಗಾದ್ರೆ ಒಳ್ಳೇದೇ ಆಯ್ತು," ಎಂದು ಮೇಲ್ಮನೆ ಅಕ್ಕ ತಮ್ಮ ಚೀಲಗಳನ್ನೆಲ್ಲ ಅವನ ಮಡಿಲಿಗೆ ಹಾಕಿದರು. ಎಲ್ಲರ ಸಾಮಾನೂ ಅವನ ಸುತ್ತ ಗುಡ್ಡೆಯಾಯಿತು. ಹೆಂಡತಿ ಕೂಡ ಫೋನು ಸಮೇತ ತನ್ನ ಕೈಚೀಲವನ್ನು ಅಲ್ಲೇ ಇಟ್ಟಳು. ಸಣ್ಣ ದುಡ್ಡಿನ ಪರ್ಸು ಮಾತ್ರ ಕೈಯಲ್ಲಿತ್ತು.

"ನೀವೂ ಬನ್ನಿ," ಎಂದಳು.

"ಇಲ್ಲ ಕಣೇ. ನೀನು ನೋಡ್ಕೊಂಡು ಬಾ."

ಅವಳು ಗೇಟಿನ ಹತ್ತಿರ ಹೋಗಿ ಒಮ್ಮೆ ತಿರುಗಿ ನೋಡಿದಳು. ಆಗ ಎದ್ದು ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನಿಗೂ ಹಾಗನ್ನಿಸಿತು. ಅನ್ನಿಸಿದರೇನು, ಮಡಿಲ ತುಂಬ ಚೀಲ, ಎದೆ ತುಂಬ ಹೆದರಿಕೆ. ಮರದ ನೆರಳು ತಂಪಾಗಿತ್ತು. ಕಣ್ಣು ಎಳೆಯಿತು.

"ಏಳಿ ಏಳಿ, ಕೋಟೆ ಮುಚ್ಚೋದ್ರೊಳಗೆ ಹೋಗ್ಬೇಕು!" ಎಂದು ಮಾಸ್ತರು ಗಾಜು ಬಡಿದಾಗಲೇ ಎಚ್ಚರ. ಅವಸರದಲ್ಲಿ ಎದ್ದ ಡ್ರೈವರ್ ಏನು ಮಾಡುತ್ತಾನೆ? ಕನ್ನಡಿಯಲ್ಲಿ ತಲೆ ಎಣಿಸುತ್ತಾನೆ. ಪಕ್ಕದಲ್ಲಿ ಅಕ್ಕ ಒಂದು, ಹಿಂದೆ ಮಾಸ್ತರು ಎರಡು, ಟೈಲರ್ ಮೂರು, ಕಟ್ಟಕಡೆಯ ಸೀಟಿನಲ್ಲಿ ಶಾಲು ಸುತ್ತಿದ ತಲೆ ನಾಲ್ಕು. ಲೆಕ್ಕ ಸರಿಯಿತ್ತು. ವ್ಯಾನು ಹೊರಟಿತು.

ಕಾಲು ಸೋತ ಮೂವರೂ ತೂಕಡಿಸುತ್ತಿದ್ದರು. ಊರು ದಾಟಿ ಹೊಲಗಳು ಶುರುವಾದ ಮೇಲೆ ಅವನಿಗೆ ಹೆಂಡತಿಯ ಜೊತೆ ಮಾತಾಡಬೇಕೆನ್ನಿಸಿತು. ಕನ್ನಡಿ ನೋಡಿಕೊಂಡೇ, "ಹೇಗಿತ್ತೇ ಮ್ಯೂಸಿಯಂ?" ಎಂದ.

"ಎಲ್ಲಾ ಚೆನ್ನಾಗಿತ್ತಪ್ಪ, ಆದ್ರೆ ಮೆಟ್ಲು ಜಾಸ್ತಿ," ಎಂದಿತು ಹಿಂದಿನಿಂದ ಒಂದು ದಪ್ಪ ಗಂಟಲು.

ಬ್ರೇಕು ಬಿದ್ದ ರಭಸಕ್ಕೆ ಮಾಸ್ತರ ಕನ್ನಡಕ ಮೇಲ್ಮನೆ ಅಕ್ಕನ ಚೀಲದೊಳಗೆ ಹೋಯಿತು. ಎಲ್ಲರೂ ತಿರುಗಿ ನೋಡಿದರು. ಶಾಲಿನೊಳಗಿನಿಂದ ಯಾರೋ ಅಪರಿಚಿತ ಅಜ್ಜಿ ಬೊಚ್ಚುಬಾಯಿಯಲ್ಲಿ ನಗುತ್ತಿದ್ದಳು.

"ಅಜ್ಜೀ, ನೀವು ಯಾರು?"

"ನಾನಾ? ನಾನು ಅಳಿಯನ ಜೊತೆ ಬಂದೋಳು. ಬಿಳೀ ವ್ಯಾನಿನಲ್ಲಿ ಕೂತ್ಕೊಂಡಿರಿ ಅಂದ. ಕೂತೆ. ನೀವೆಲ್ಲ ಯಾರು?"

ಮೇಲ್ಮನೆ ಅಕ್ಕ ಹಣೆ ಚಚ್ಚಿಕೊಂಡರು. "ಅಯ್ಯೋ, ಕಟ್ಟಿಕೊಂಡ ಹೆಂಡತಿ ಯಾರು, ಕಂಡೋರ ಅಜ್ಜಿ ಯಾರು ಅಂತ ಗೊತ್ತಾಗಲ್ವೇನ್ರೀ ನಿಮಗೆ?"

"ತಲೆ ಎಣಿಸಿದೆ. ಸರಿಯಾಗಿತ್ತು," ಎಂದ ಸ್ಟೇರಿಂಗ್. ಧ್ವನಿ ಬಾವಿಯೊಳಗಿನಿಂದ ಬಂದಂತಿತ್ತು.

"ತಲೆ ಎಣಿಸೋಕೆ ಅವಳೇನು ಪ್ಯಾಸೆಂಜರ್ರಾ?"

"ನೀವು ಜೊತೇಲೇ ಒಳಗೆ ಹೋದವರಲ್ವಾ? ನಿಮಗೂ ಗೊತ್ತಾಗಲಿಲ್ವಾ?"

"ನಮ್ಮ ಹಿಂದೇನೇ ಬರ್ತಿದ್ದಾಳೆ ಅಂದ್ಕೊಂಡ್ವಿ. ಟಿಕೆಟ್ ಕೌಂಟರ್ ಹತ್ರ ನಿಂತಿದ್ಲು," ಎಂದ ಟೈಲರ್ ತಲೆ ಕೆರೆಯುತ್ತ.

ಫೋನ್ ಮಾಡಿದರು. ಅವಳ ಫೋನು ಸ್ಟೇರಿಂಗ್ ಕಾಲಬಳಿಯ ಕೈಚೀಲದಲ್ಲೇ ಇಂಪಾಗಿ ಹಾಡಿತು.

ವ್ಯಾನು ತಿರುಗಿತು. ಆ ದಾರಿಯಲ್ಲಿ ಅವನು ಅಷ್ಟು ಜೋರಾಗಿ ಎಂದೂ ಓಡಿಸಿದವನಲ್ಲ. "ಈ ವ್ಯಾನಿನಲ್ಲಿ ಗಾಳಿ ಚೆನ್ನಾಗಿ ಬರತ್ತೆ," ಎಂದು ಅಜ್ಜಿ ಮೆಚ್ಚಿಕೊಂಡಳು. ಉಳಿದವರು ಒಬ್ಬೊಬ್ಬರೂ ಒಂದೊಂದು ಸಲಹೆ ಕೊಟ್ಟರು. ಅವನಿಗೆ ಒಂದೂ ಕೇಳಿಸಲಿಲ್ಲ. ಕೈಯಲ್ಲಿ ಫೋನಿಲ್ಲ, ಎಂದೂ ಒಬ್ಬಳೇ ಊರು ದಾಟದವಳು, ಆ ದೊಡ್ಡ ಕಟ್ಟಡದ ಯಾವ ಮೂಲೆಯಲ್ಲಿ ದಾರಿ ತಪ್ಪಿ ಅಳುತ್ತಿದ್ದಾಳೋ. ಇಷ್ಟು ವರ್ಷ ಹೊರಗೆ ಕರೆದುಕೊಂಡು ಬರಲಿಲ್ಲ, ತಂದ ಮೊದಲ ದಿನವೇ ಬಿಟ್ಟು ಹೊರಟೆನಲ್ಲ ಎಂದು ತನ್ನನ್ನೇ ಶಪಿಸಿಕೊಂಡ.

ಕೋಟೆಯ ದಾರಿ ಬಂದು ಸೇರುವುದು ಮ್ಯೂಸಿಯಮ್ಮಿನ ಹಿಂಬಾಗಿಲಿಗೆ. ಸ್ಟೇರಿಂಗ್ ಅಲ್ಲೇ ಇಳಿದ. "ವ್ಯಾನ್ ಮುಂದಕ್ಕೆ ತಗೊಂಡ್ಹೋಗು," ಎಂದು ಟೈಲರ್‌ಗೆ ಕೀಲಿ ಎಸೆದು, ತನ್ನ ಫೋನನ್ನೂ ವ್ಯಾನಿನಲ್ಲೇ ಬಿಟ್ಟು ಓಡಿದ.

"ಇದು ಹೊರಗೆ ಹೋಗೋ ಬಾಗಿಲು. ಟೈಮೂ ಆಯ್ತು," ಎಂದು ಕಾವಲುಗಾರ ಕೋಲು ಅಡ್ಡ ಹಿಡಿದ.

"ನನ್ನ ಹೆಂಡ್ತಿ ಒಳಗಿದ್ದಾಳೆ!"

"ಎಲ್ಲರ ಹೆಂಡ್ತೀನೂ ಒಳಗೇ ಇರ್ತಾರೆ. ಹೊರಗೆ ಬರೋವರೆಗೂ ಕಾಯ್ಬೇಕು."

ಸ್ಟೇರಿಂಗ್ ಮುಖ ನೋಡಿ ಕಾವಲುಗಾರನ ಕೋಲು ತಾನೇ ಕೆಳಗಿಳಿಯಿತು. ಹೀಗೆ, ಕೆಲಸಕ್ಕೆ ಸೇರಿದ ದಿನದಿಂದ ಹೊರಗೇ ಕಾದವನು, ಟಿಕೆಟಿಲ್ಲದೆ, ಹಿಂಬಾಗಿಲಿನಿಂದ, ತಿರುಗಾ ಮುರುಗಾ ಮ್ಯೂಸಿಯಂ ಪ್ರವೇಶಿಸಿದ.

ಒಂದು ಕೋಣೆ ದಾಟಿದ. ಇನ್ನೊಂದು ದಾಟಿದ. ಮೆಟ್ಟಿಲು ಹತ್ತಿದ, ಇಳಿದ. ಗಾಜಿನ ಪೆಟ್ಟಿಗೆಗಳು ಪಕ್ಕದಲ್ಲಿ ಸರಿದವು; ಅವುಗಳ ಹಿಂದೆ ಯಾರಾದರೂ ಬಗ್ಗಿ ನಿಂತಿದ್ದಾರೆಯೇ ಎಂದಷ್ಟೇ ಇಣುಕಿದ. ಹೆಸರು ಹಿಡಿದು ಕರೆದು ಗೊತ್ತಿಲ್ಲ. ನಡುಹಜಾರದಲ್ಲಿ ನಿಂತು "ಲೇ ಇವಳೇ!" ಎಂದು ಕೂಗಿದ. ಅಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು, ಅವರ ಗಂಡಂದಿರೂ ತಿರುಗಿ ನೋಡಿದರು. ಶಾಲು ಕಂಡಲ್ಲೆಲ್ಲ ಓಡಿದ. ಒಂದು ಶಾಲಿನ ಹೆಗಲು ಮುಟ್ಟಿದರೆ ಅದು ಮೇಣದ ಬೊಂಬೆ! ಬೊಂಬೆಯ ತೋಳು ಕೈಗೇ ಬಂತು. ತೋಳನ್ನು ಅದರ ಮಡಿಲಲ್ಲಿಟ್ಟು ಕೈ ಮುಗಿದು ಮುಂದಕ್ಕೆ ಓಡಿದ. ಬೆನ್ನ ಹಿಂದೆ ದೀಪಗಳು ಒಂದೊಂದಾಗಿ ಆರುತ್ತ ಬಂದವು. ಕೊನೆಗೆ ಇಬ್ಬರು ಕಾವಲುಗಾರರು ಅವನ ಎರಡು ರೆಟ್ಟೆ ಹಿಡಿದು ಮುಂಬಾಗಿಲಿನಿಂದ ಹೊರಗೆ ಬಿಟ್ಟು ಕದ ಹಾಕಿದರು.

ಮೆಟ್ಟಿಲ ಮೇಲೆ ನಿಂತು ಅವನು ಅಳುವುದೊಂದು ಬಾಕಿ. ಕಣ್ಣೆತ್ತಿ ನೋಡಿದರೆ ಎದುರಿಗೆ ಪಾರ್ಕಿಂಗ್ ಜಾಗ. ತಾನು ವ್ಯಾನು ನಿಲ್ಲಿಸಿದ್ದ ಅದೇ ಮರ. ಕೆಳಗಿನ ಕಲ್ಲುಬೆಂಚಿನ ಮೇಲೆ ಹೆಂಡತಿ. ಅವಳ ಸುತ್ತ ಮಾಸ್ತರು, ಅಕ್ಕ, ಟೈಲರ್. ಅಜ್ಜಿಯ ಅಳಿಯ ಅಜ್ಜಿಯನ್ನು ಬೇರೊಂದು ಬಿಳಿ ವ್ಯಾನಿಗೆ ಹತ್ತಿಸುತ್ತಿದ್ದ. ಅದರಲ್ಲಿ ಗಾಳಿ ಬರುವುದಿಲ್ಲವೆಂದು ಅಜ್ಜಿ ತಕರಾರು ಮಾಡುತ್ತಿದ್ದಳು.

"ಬಂದ ಕೂಡಲೇ ಸಿಕ್ಕಿದ್ರು ನಿಮ್ಮ ಮನೆಯವರು. ಇಲ್ಲೇ ಕೂತಿದ್ರು," ಎಂದರು ಮಾಸ್ತರು ಸಂತೋಷದಿಂದ. "ನಿಮ್ಮನ್ನ ಕರೆಯೋಣ ಅಂದ್ಕೊಂಡ್ವಿ. ನಿಮಗೆ ಒಳಗೆಲ್ಲಾ ಪರಿಚಯ ಅಲ್ವಾ, ಹೇಗೂ ಹೋಗಿದ್ದೀರಿ, ಇನ್ನೊಂದ್ಸಲ ನಿಧಾನವಾಗಿ ನೋಡ್ಕೊಂಡು ಬರಲಿ ಅಂತ ಬಿಟ್ವಿ."

ವಾಪಸು ಹೊರಟಾಗ ಮೇಲ್ಮನೆ ಅಕ್ಕ, ಹೊಟ್ಟೆ ತೊಳಸಿದರೂ ಪರವಾಗಿಲ್ಲ ಎಂದು, ಮುಂದಿನ ಸೀಟನ್ನು ಹೆಂಡತಿಗೆ ಬಿಟ್ಟುಕೊಟ್ಟರು. ಊರಿನ ದೀಪಗಳು ಹಿಂದೆ ಸರಿದವು. ಹಿಂದಿನ ಮೂವರೂ ಗೊರಕೆ ಹೊಡೆಯತೊಡಗಿದ ಮೇಲೆ ಅವನು ಬಾಯಿ ಬಿಟ್ಟ.

"ಎಲ್ಲಿ ಹೋಗಿದ್ದೆ?"

"ನಲ್ಲಿ ಹತ್ರ. ನೀವು ಎದ್ದ ಮೇಲೆ ಮುಖಕ್ಕೆ ಇರ್ಲಿ ಅಂತ ಕರವಸ್ತ್ರ ಒದ್ದೆ ಮಾಡೋಕೆ. ತಿರುಗಿ ನೋಡಿದ್ರೆ ವ್ಯಾನ್ ಇಲ್ಲ. ಬಂದ್ರೆ ಇಲ್ಲಿಗೇ ಬರ್ತೀರಿ ಅಂತ ಮರದ ಕೆಳಗೆ ಕೂತೆ."

"ಮ್ಯೂಸಿಯಂ?"

"ಒಳಗೆ ಹೋಗಲಿಲ್ಲ."

ಅವನು ರಸ್ತೆ ಬಿಟ್ಟು ಅವಳನ್ನು ನೋಡಿದ. ಅವಳು ಪರ್ಸಿನಿಂದ ಎರಡು ಟಿಕೆಟ್ ತೆಗೆದಳು.

"ಇಬ್ಬರಿಗೂ ತಗೊಂಡು ವಾಪಸ್ ಬಂದೆ. ನೀವು ಬಾಯಿ ಬಿಟ್ಕೊಂಡು ನಿದ್ದೆ ಹೋಗಿದ್ರಿ."

"ಎಬ್ಬಿಸಬಾರದಿತ್ತಾ?"

"ಎಬ್ಬಿಸಿದ್ರೆ ನೂರು ಸಲ ನೋಡಿದ್ದೀನಿ ಅಂತ ಮತ್ತೆ ಹೇಳ್ಬೇಕಾಗ್ತಿತ್ತಲ್ಲ ನೀವು. ಪಾಪ ಅನ್ನಿಸ್ತು."

ಅವನು ಮತ್ತೆ ರಸ್ತೆಯ ಕಡೆ ತಿರುಗಿದ.

"ನಿನಗೆ ಗೊತ್ತಿತ್ತಾ?"

"ನಿಮ್ಮ ಬಸ್ಸಿನ ಕ್ಲೀನರ್ ಮದುವೆಗೆ ಹೋಗಿದ್ವಲ್ಲ, ಅವತ್ತೇ. 'ನಮ್ಮ ಅಣ್ಣ ಒಂದು ಗೇಟೂ ದಾಟಿದವರಲ್ಲ ಅತ್ತಿಗೆ, ಬಸ್ಸೇ ಅವರ ದೇವರು' ಅಂತ ಹೊಗಳಿದ."

ಆ ಕ್ಲೀನರ್‌ಗೆ ಈಗ ಮದುವೆಯ ವಯಸ್ಸಿನ ಮಗಳಿದ್ದಳು.

"ಇಷ್ಟು ವರ್ಷ ಒಂದು ಮಾತು ಕೇಳಲಿಲ್ವಲ್ಲೇ ನೀನು!"

"ನೀವೇ ಹೇಳ್ತೀರಿ ಅಂತ ಕಾದೆ. ನೀವೂ ನೋಡಿಲ್ಲ, ನಾನೂ ನೋಡಿಲ್ಲ. ಹೇಳಿದ ದಿನ, ಬನ್ನಿ ಇಬ್ಬರೂ ಒಟ್ಟಿಗೇ ಮೊದಲ ಸಲ ನೋಡೋಣ ಅನ್ನೋದು ಅಂತ ಇಟ್ಕೊಂಡಿದ್ದೆ."

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಒಂದೇ ಒಂದು ನಿಜ ಹೇಳಿದ್ದರೆ ಎಷ್ಟು ಭಾನುವಾರಗಳು ತಮ್ಮವಾಗುತ್ತಿದ್ದವು! ಅವಳ ಕಾಲು ಗಟ್ಟಿಯಿದ್ದ ಕಾಲ, ತನ್ನ ಕಣ್ಣು ಚುರುಕಾಗಿದ್ದ ಕಾಲ, ಎಲ್ಲವನ್ನೂ ಮರದ ನೆರಳಲ್ಲಿ ಮಲಗಿಯೇ ಕಳೆದುಬಿಟ್ಟೆನಲ್ಲ ಎಂದು ಅವನ ಕಣ್ಣು ತುಂಬಿ ರಸ್ತೆ ಮಂಜಾಯಿತು. ವ್ಯಾನಿನ ವೇಗ ಇಳಿಸಿದ.

"ಹೋಗ್ಲಿ ಬಿಡಿ," ಎಂದಳು ಅವಳು. "ಈಗ ನೀವು ನಿಜವಾಗ್ಲೂ ಒಳಗೆ ಹೋಗಿ ಬಂದಿದ್ದೀರಿ. ನಾನು ಹೊರಗೇ ಉಳಿದೆ. ನನ್ನ ಮಂಡಿಗೆ ಇನ್ನು ಅಷ್ಟು ಮೆಟ್ಲು ಆಗೋದೂ ಇಲ್ಲ. ಹೇಳಿ, ಏನೇನಿತ್ತು ಒಳಗೆ?"

ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ಮದುವೆಯ ಹೊಸತರಲ್ಲಿ ಎದುರು ಕೂತವಳ ಅದೇ ಆಸೆಯಿತ್ತು. ಅವನು ಹೇಳಲು ಹೊರಟ. ನೆನಪಿಗೆ ಕೈ ಹಾಕಿದ. ಕತ್ತಿಯೋ, ನಾಣ್ಯವೋ, ಚಿತ್ರವೋ, ಒಂದೂ ಸಿಗಲಿಲ್ಲ. ನೋಡದ ಅರಮನೆಗಳ ಬಗ್ಗೆ ನೀರು ಕುಡಿದಷ್ಟು ಸಲೀಸಾಗಿ ಕತೆ ಕಟ್ಟಿದ ನಾಲಿಗೆ, ಕಣ್ಣಾರೆ ಕಂಡು ಬಂದ ಒಂದೇ ಒಂದು ಅರಮನೆಯ ಮುಂದೆ ತಡವರಿಸಿತು.

"ಗೊತ್ತಿಲ್ಲ ಕಣೇ. ಎಲ್ಲಾ ಕೋಣೇನೂ ನೋಡಿದೆ. ಯಾವುದರಲ್ಲೂ ನೀನಿರಲಿಲ್ಲ. ಬೇರೆ ಏನೂ ಕಾಣಲಿಲ್ಲ."

ಅವಳು ಅವನನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಶಾಲನ್ನು ಕಿವಿಯ ಮೇಲೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದಳು.

"ಹೇಳೋಕೆ ಮನಸ್ಸಿಲ್ಲದಿದ್ರೆ ಬೇಡ ಬಿಡಿ," ಎಂದಳು. "ಮತ್ತೆ ಸುಳ್ಳು ಯಾಕೆ?"